ಸುಮ್ನೆ ಕೂತಿದ್ದ ಆರ್ಗಾನ್ ಸಿಕ್ಕಿಬಿದ್ದಿದ್ದು ಹೇಗೆ?

ಓದುಗರೇ,

ಕಳೆದ ಸಂಚಿಕೆಯಲ್ಲಿ ಗಾಳಿಯಲ್ಲಿರುವ ಆರ್ಗಾನ್ ಅನಿಲದ ಬಗ್ಗೆ ಬಂದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಬಣ್ಣ ಇಲ್ಲ, ವಾಸನೆ ಇಲ್ಲ, ಯಾವುದರ ಜತೆಗೂ ಸೇರಲ್ಲ ಅಂದಮೇಲೆ ಅದು ಇದೆ ಅಂತ ಗೊತ್ತಾಗಿದ್ದಾದರೂ ಹೇಗೆ? ಏನೂ ಮಾಡದ ಅನಿಲದಿಂದ ಅಪಾಯವೂ ಇಲ್ಲ ಅಲ್ವಾ? ಮೊದಲನೆಯದನ್ನು ನಾವು ಲೇಖನದಲ್ಲೇ ಹೇಳಬೇಕಿತ್ತು, ತಪ್ಪು ನಮ್ಮದೇ.

ಅದು ಸಿಕ್ಕಿಬಿದ್ದಿದ್ದು ತೂಕದಲ್ಲಿ. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಅನಿಲಗಳನ್ನು ತೂಗುತ್ತಿದ್ದರು. ಗಾಳಿಯಿಂದ ಆಮ್ಲಜನಕ ತೆಗೆದು ಉಳಿಸಿಕೊಂಡ ಸಾರಜನಕ ಲೀಟರಿಗೆ ಸುಮಾರು 1.257 ಗ್ರಾಂ ಬಂತು. ಅಮೋನಿಯಾದಂಥ ರಾಸಾಯನಿಕಗಳಿಂದ ತಯಾರಿಸಿದ್ದು ಸುಮಾರು 1.251. ಇಷ್ಟೇ ವ್ಯತ್ಯಾಸ! ಬೇರೆಯವರಾಗಿದ್ದರೆ ತಕ್ಕಡಿಗೆ ಬೈದು ಸುಮ್ಮನಾಗುತ್ತಿದ್ದರೇನೋ. ರೇಲಿ 1892ರಲ್ಲಿ ‘ನೇಚರ್’ ಪತ್ರಿಕೆಗೆ ಪತ್ರ ಬರೆದು, ಕಾರಣ ಹೊಳೆದವರು ತಿಳಿಸಿ ಅಂತ ಕೇಳಿಕೊಂಡರು. (ಪತ್ರ ಬರೆಯುವವರ ಮೇಲೆ ನಮಗೆ ಗೌರವ ಜಾಸ್ತಿ ಇರೋದು ಸುಮ್ನೆ ಅಲ್ಲ.)

ಆಮೇಲೆ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ ಕೈಹಾಕಿದರು. ಕಾದ ಮೆಗ್ನೀಸಿಯಂ ಸಾರಜನಕವನ್ನು ನುಂಗಿಬಿಡುತ್ತದೆ. ಅದರ ಮೇಲೆ ಗಾಳಿಯ ಸಾರಜನಕವನ್ನು ಮತ್ತೆ ಮತ್ತೆ ಹಾಯಿಸಿದರು, ಎಷ್ಟು ಹಾಯಿಸಿದರೂ ಒಂದಿಷ್ಟು ಉಳಿದೇ ಉಳಿಯಿತು. ಆ ಹೆಚ್ಚಿನ ತೂಕ ಇದರದ್ದೇ. ಉಳಿದದ್ದರೊಳಗೆ ವಿದ್ಯುತ್ ಹರಿಸಿ ಬೆಳಕನ್ನು ಬಿಡಿಸಿ ನೋಡಿದರೆ ಗೊತ್ತಿದ್ದ ಯಾವ ಧಾತುವಿಗೂ ಹೊಂದದ ಕೆಂಪು, ಹಸಿರು ಗೆರೆಗಳು. 1894ರ ಆಗಸ್ಟಿನಲ್ಲಿ ಇಬ್ಬರೂ ಸುದ್ದಿ ಹೊರಹಾಕಿದರು. ಹೆಸರು ಗ್ರೀಕ್ ಭಾಷೆಯ ‘ಸೋಮಾರಿ’ ಅನ್ನೋ ಪದದಿಂದ ಬಂತು. 1904ರಲ್ಲಿ ಇಬ್ಬರಿಗೂ ನೊಬೆಲ್, ರೇಲಿಗೆ ಭೌತಶಾಸ್ತ್ರದಲ್ಲಿ, ರಾಮ್ಸೆಗೆ ರಸಾಯನಶಾಸ್ತ್ರದಲ್ಲಿ.

ನನಗೆ ಹೆಚ್ಚು ಕಾಡುವುದು ಮಾತ್ರ ಇವರಿಗಿಂತ ಹಿಂದಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್. 1785ರಲ್ಲೇ ಅವರು ಗಾಳಿಗೆ ಆಮ್ಲಜನಕ ಬೆರೆಸಿ, ವಿದ್ಯುತ್ ಕಿಡಿ ಹಾರಿಸಿ, ಸಾರಜನಕವನ್ನೆಲ್ಲ ಕರಗಿಸಲು ನೋಡಿದ್ದರು. ಕೊನೆಗೆ ಒಂದು ಪುಟ್ಟ ಗುಳ್ಳೆ ಹಾಗೇ ಉಳಿಯಿತು. 120ರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಲ್ಲ ಅಂತ ಬರೆದೂ ಇಟ್ಟರು. ಅದು ಆರ್ಗಾನೇ, ಆದರೆ ನೂರು ವರ್ಷಕ್ಕೂ ಮೇಲೆ ಆ ಗುಳ್ಳೆ ಏನು ಅಂತ ಯಾರೂ ಬೆನ್ನುಹತ್ತಲಿಲ್ಲ! ಹಾಗಂತ ಆರ್ಗಾನ್ ಅಪರೂಪದ್ದೂ ಅಲ್ಲ. ಗಾಳಿಯಲ್ಲಿ ಶೇ. 0.93ರಷ್ಟಿದೆ, ಇಂಗಾಲದ ಡೈಆಕ್ಸೈಡಿಗಿಂತ 20 ಪಟ್ಟು ಜಾಸ್ತಿ. ಈ ಸಾಲು ಓದುತ್ತಾ ನೀವು ಎಳೆದ ಉಸಿರಲ್ಲೂ ಹತ್ತಿರ ಹತ್ತಿರ ಒಂದು ಟೀ ಚಮಚದಷ್ಟು ಒಳಗೆ ಹೋಗಿ ಹಾಗೇ ವಾಪಸ್ ಬಂತು.

ಉಪಯೋಗ ಎಲ್ಲ ಈ ಸೋಮಾರಿತನದಿಂದಲೇ. ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್‌ನಲ್ಲಿ ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಇದನ್ನು ಊದುತ್ತಾರೆ. ಹಳೇ ಬಲ್ಬಿನ ಟಂಗ್‌ಸ್ಟನ್ ತಂತಿಯನ್ನು ಕಾಯುತ್ತಿದ್ದದ್ದೂ ಇದೇ.

ಅಂದಹಾಗೆ, ‘ಯಾವುದರ ಜತೆಗೂ ಸೇರಲ್ಲ’ ಅಂತ ನಾವು ಬರೆದದ್ದು ಪೂರ್ತಿ ಸರಿ ಅಲ್ಲ. 2000ದಲ್ಲಿ ಹೆಲ್ಸಿಂಕಿಯ ವಿಜ್ಞಾನಿಗಳು ಅದನ್ನು ಹೈಡ್ರೋಜನ್, ಫ್ಲೋರಿನ್ ಜತೆ ಕೂಡಿಸಿದ್ದಾರೆ. ಭಯಂಕರ ಚಳಿಯಲ್ಲಿ ಮಾತ್ರ ಉಳಿಯುತ್ತದೆ, ಸ್ವಲ್ಪ ಬೆಚ್ಚಗಾದರೆ ಮುರಿದುಹೋಗುತ್ತದೆ.

ಇನ್ನು ಅಪಾಯ. ಇದೆ. ಆರ್ಗಾನ್ ವಿಷ ಅಲ್ಲ, ಆದರೆ ಗಾಳಿಗಿಂತ ಭಾರ. ಸೋರಿದರೆ ಗುಂಡಿಯಲ್ಲೋ ಮುಚ್ಚಿದ ಟ್ಯಾಂಕಿನಲ್ಲೋ ತಳಕ್ಕೆ ತುಂಬಿಕೊಂಡು ಆಮ್ಲಜನಕವನ್ನು ಹೊರದೂಡುತ್ತದೆ. ವಾಸನೆ ಇಲ್ಲ, ಉಸಿರು ಕಟ್ಟಿದ ಹಾಗೂ ಅನಿಸುವುದಿಲ್ಲ, ಒಳಗೆ ಇಳಿದವರು ಎಚ್ಚರ ತಪ್ಪಿ ಬೀಳುತ್ತಾರೆ. ಅದಕ್ಕೇ ಅಂಥ ಕಡೆ ಇಳಿಯುವ ಮುಂಚೆ ಆಮ್ಲಜನಕದ ಮೀಟರ್ ಹಿಡಿದು ನೋಡಬೇಕು.

– ಸಂಪಾದಕ