ಬಳ್ಳಾರಿಯ ಮೈನ್ಸ್ ನಿಂತುಹೋಯ್ತಾ ಅಂತ ಕೇಳಿದವರಿಗೆ

ನೀವು ಎರಡು ವಿಷಯ ಕೇಳಿದ್ದೀರಿ. ಬಳ್ಳಾರಿಯಲ್ಲಿ ಕಬ್ಬಿಣದ ಅದಿರಿನ ಮೈನ್ಸ್ ಬಂದ್ ಆದಮೇಲೆ ಜನ ಏನು ಮಾಡಿಕೊಂಡಿದ್ದಾರೆ ಅನ್ನೋದು ಒಂದು. ಅಷ್ಟೊಂದು ದುಡ್ಡು ಬಂದಿತ್ತಲ್ಲ, ಅದರಲ್ಲಿ ಊರಿಗೆ ಏನು ಉಳಿಯಿತು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಣ್ಣದು. ಮೈನ್ಸ್ ಬಂದ್ ಆಗಿಲ್ಲ. 2011ರಲ್ಲಿ ನಿಂತಿತ್ತು, ಆಮೇಲೆ ಶುರುವಾಯಿತು, ಈಗ ಜೋರಾಗಿಯೇ ನಡೆದಿದೆ. ಟಿವಿಯವರು ಬರೋದು ನಿಂತಿದೆ ಅಷ್ಟೇ. ಎರಡನೆಯದಕ್ಕೆ ಸ್ವಲ್ಪ ಉದ್ದವಾಗಿ ಹೇಳಬೇಕು. ಊರಿಗೆ ಉಳಿದದ್ದು ಬಹುಪಾಲು ಮಣ್ಣು, ಮತ್ತೆ ಆ ಮಣ್ಣಿನ ಲೆಕ್ಕ ಇವತ್ತಿಗೂ ಯಾರೂ ಸರಿಯಾಗಿ ಕೊಟ್ಟಿಲ್ಲ.

ನಮ್ಮದು ಗಡಿ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹಾಗಂತ ನೆಂಟಸ್ತನ ತುಂಡಾಗಲಿಲ್ಲ. ಹೆಣ್ಣು ಕೊಡೋದು ತರೋದು ಇಂದಿಗೂ ಎರಡೂ ಕಡೆ ಇದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಳ್ಳಾರಿ ಪೇಟೆಗೆ ಹೋದರೆ ಉರ್ದು, ಯಾರಿಗೂ ತೊಂದರೆ ಇಲ್ಲ. ಗುಡ್ಡದ ಮೇಲೆ ರಾಜ್ಯದ ಗಡಿ ಎಲ್ಲಿ ಹಾದುಹೋಗುತ್ತೆ ಅಂತ ದನ ಕಾಯೋರು ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ.

ಗುಡ್ಡದ ಹೊಟ್ಟೆಯಲ್ಲಿರುವ ಅದಿರಿಗೆ ರೇಟು ಬಂದಾಗ ಆ ಗೆರೆಗೂ ಬೆಲೆ ಬಂತು. ಆ ಕಡೆ ಆಂಧ್ರದ ಓಬಳಾಪುರ, ಈ ಕಡೆ ನಮ್ಮ ತುಮಟಿ, ವಿಠಲಾಪುರ. ಗಡಿ ಗುರುತುಗಳು ಅಳಿಸಿಹೋದವು. ಗಡಿಯಲ್ಲಿದ್ದ ಹಳೆಯ ಸುಗ್ಗಲಮ್ಮನ ಗುಡಿಯೇ 2006ರಲ್ಲಿ ನೆಲಸಮ ಆಯಿತು. ಕೊನೆಗೆ ಸರ್ವೆ ಆಫ್ ಇಂಡಿಯಾದವರು ಬಂದು ಯಾವ ರಾಜ್ಯ ಎಲ್ಲಿ ಮುಗಿಯುತ್ತೆ ಅಂತ ಅಳೆಯಬೇಕಾಯಿತು. ಎರಡೂ ಕಡೆ ನೆಂಟರಿರುವ ನಮಗೆ ಇದನ್ನು ನೋಡೋಕೆ ಹೊಟ್ಟೆ ಉರಿಯುತ್ತಿತ್ತು.

ರೇಟು ಬಂದದ್ದು ಚೀನಾದಿಂದ. ಅದಕ್ಕೂ ಮುಂಚೆ ಮೈನ್ಸ್ ಇರಲಿಲ್ಲ ಅಂತಲ್ಲ. ಸಂಡೂರು ಗುಡ್ಡಗಳಲ್ಲಿ ಬಹಳ ಹಿಂದಿನಿಂದ ಅದಿರು ತೆಗೆಯುತ್ತಿದ್ದರು, ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿ 1977ರಲ್ಲಿ ಶುರು ಮಾಡಿತ್ತು. ಆದರೆ 2003ರ ನಂತರ ನಡೆದದ್ದೇ ಬೇರೆ. ಮೊದಲು ಯಾರೂ ಮೂಸಿ ನೋಡದ ಪುಡಿ ಅದಿರು, ನಾವು ಫೈನ್ಸ್ ಅಂತೀವಿ, ಅದಕ್ಕೂ ಚಿನ್ನದ ಬೆಲೆ ಬಂತು. ಸರ್ಕಾರಕ್ಕೆ ಸಿಗುತ್ತಿದ್ದ ರಾಯಲ್ಟಿ ಮಾತ್ರ 2009ರವರೆಗೂ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ! ಹೊರದೇಶದಲ್ಲಿ ಅದೇ ಟನ್ನು ಸಾವಿರಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತಿತ್ತು. ಈ ಒಂದು ಅಂತರ ಗೊತ್ತಾದರೆ ಬಳ್ಳಾರಿಯ ರಾಜಕೀಯ ಅರ್ಧ ಅರ್ಥವಾದ ಹಾಗೆ.

ಆಗಿನ ದಿನಗಳಲ್ಲಿ ಸಂಡೂರು–ಹೊಸಪೇಟೆ ರಸ್ತೆಗೆ ಬಂದಿದ್ದರೆ ನಿಮಗೆ ಲಾರಿ ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ಹಗಲು ರಾತ್ರಿ ಸಾಲು. ಓವರ್‌ಲೋಡ್ ಮಾಡಿ, ಮೇಲೆ ತಾಡಪಾಲು ಹೊದಿಸಿದರೆ ಹೊದಿಸಿದರು, ಇಲ್ಲದಿದ್ದರೆ ಇಲ್ಲ. ಬೇಲೇಕೇರಿ, ಕೃಷ್ಣಪಟ್ಟಣಂ, ಚೆನ್ನೈ ಅಂತ ಬಂದರುಗಳ ಹೆಸರು ಇಲ್ಲಿನ ಚಿಕ್ಕ ಹುಡುಗರಿಗೂ ಬಾಯಿಪಾಠ. ರಸ್ತೆ ಪಕ್ಕದ ಹೊಲದಲ್ಲಿ ಹತ್ತಿ ಬಿರಿದರೆ ಕೆಂಪಗೆ ಕಾಣುತ್ತಿತ್ತು. ಅದನ್ನು ಮಾರ್ಕೆಟ್ಟಿಗೆ ಒಯ್ದರೆ ದಲಾಲರು ಒಂದು ಎಳೆ ಕೈಯಲ್ಲಿ ಉಜ್ಜಿ ನೋಡಿ ರೇಟು ಇಳಿಸುತ್ತಿದ್ದರು. ಜೋಳದ ಸೊಪ್ಪೆ ಹಾಕಿದರೆ ಎತ್ತುಗಳು ಮುಸುಡಿ ತಿರುಗಿಸುತ್ತಿದ್ದವು, ಕೊಡವಿ ಕೊಡವಿ ಹಾಕಬೇಕಿತ್ತು. ಮನೆಯಲ್ಲಿ ಮುದುಕರಿಗೆ ದಮ್ಮು, ಮಕ್ಕಳಿಗೆ ಕೆಮ್ಮು.

ಕೆಲವು ರೈತರು ತಮ್ಮ ಹೊಲದಲ್ಲೇ ಅಗೆಯಲು ಬಿಟ್ಟರು. ಮೇಲ್ಮಣ್ಣಿನಲ್ಲೇ ಅದಿರಿನ ಕಲ್ಲು ಸಿಗುತ್ತಿತ್ತು, ಬೆಳೆಗಿಂತ ಜಾಸ್ತಿ ದುಡ್ಡು ಕೈಗೆ ಬರುತ್ತಿತ್ತು. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಮಳೆ ಕೈಕೊಟ್ಟ ವರ್ಷ, ಮಗಳ ಮದುವೆ ಎದುರಿಗಿರುವಾಗ, ಯಾರೋ ನೋಟು ಎಣಿಸಿ ಕೊಟ್ಟರೆ ಬೇಡ ಅನ್ನೋರು ಎಷ್ಟು ಜನ? ಆ ಗುಂಡಿಗಳ ಪಕ್ಕ ಹೆಂಗಸರು ಸುತ್ತಿಗೆಯಲ್ಲಿ ಕಲ್ಲು ಒಡೆದು, ಜಲ್ಲಡಿ ಹಿಡಿದು ಸೋಸುತ್ತಿದ್ದರು. ಶಾಲೆ ಬಿಟ್ಟ ಮಕ್ಕಳೂ ಅಲ್ಲೇ ಇದ್ದರು. ಆ ಹೊಲಗಳಲ್ಲಿ ಹಲವು ಈಗಲೂ ಗುಂಡಿಗಳೇ.

ಇನ್ನು 2011ರ ವಿಷಯ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಎರಡನೇ ವರದಿ ಜುಲೈನಲ್ಲಿ ಬಂತು. ಅಕ್ರಮ ಗಣಿಗಾರಿಕೆಯಿಂದ ಸರ್ಕಾರಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ ಅದು ಹೇಳಿತು. ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟು ಜುಲೈ 29ಕ್ಕೆ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಎರಡು ದಿನಕ್ಕೆ ಯಡಿಯೂರಪ್ಪನವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಇದೆಲ್ಲ ನಿಮಗೂ ಗೊತ್ತಿರಬಹುದು.

ನಿಲ್ಲಿಸಿದ್ದು ಸರಿಯೇ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಬಿಸಿ ತಟ್ಟಿದ್ದು ಕೆಳಗಿನವರಿಗೆ. ಸಾಲ ಮಾಡಿ ಒಂದು ಲಾರಿ ತಗೊಂಡವರು ಕಂತು ಕಟ್ಟಲಾಗದೆ ಕೂತರು. ಫೈನಾನ್ಸಿನವರು ಬಂದು ಗಾಡಿ ಎಳೆದುಕೊಂಡು ಹೋದರು. ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿ, ರಸ್ತೆ ಬದಿಯ ಖಾನಾವಳಿ, ಎಲ್ಲರಿಗೂ ಒಂದೇ ಏಟು. ಅವರಿಗೆ ಪರಿಹಾರ ಕೊಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಈಗ ಮಣ್ಣಿನ ಮಾತಿಗೆ ಬರುತ್ತೇನೆ. ಅದಿರು ತೆಗೆಯಬೇಕಾದರೆ ಮೇಲಿನ ಮಣ್ಣು, ಬೇಡದ ಕಲ್ಲು ಎಲ್ಲಾ ಕೆತ್ತಿ ಪಕ್ಕಕ್ಕೆ ಸುರಿಯಬೇಕು. ಅದಕ್ಕೆ ಡಂಪ್ ಅಂತಾರೆ. ಡಂಪಿನ ಕೆಳಗೆ ಗಟ್ಟಿ ಕಲ್ಲಿನ ತಡೆಗೋಡೆ ಕಟ್ಟಬೇಕು, ಹಳ್ಳಕ್ಕೆ ಚೆಕ್ ಡ್ಯಾಂ ಹಾಕಬೇಕು, ಇಳಿಜಾರಿನಲ್ಲಿ ಹುಲ್ಲು ಗಿಡ ಹಿಡಿಸಬೇಕು. ಆ ಭರಾಟೆಯಲ್ಲಿ ಎಷ್ಟೋ ಕಡೆ ಸುಮ್ನೆ ಇಳಿಜಾರಿಗೆ ಸುರಿದು ಹೋದರು. ಜೋರು ಮಳೆ ಬಂದಾಗ ಅದು ಹಳ್ಳಕ್ಕೆ ಇಳಿಯುತ್ತೆ. ಕೆಂಪು ನೀರಲ್ಲ, ಕೆಂಪು ಅಂಬಲಿ. ನಾರಿಹಳ್ಳದ ಜಲಾಶಯ ತಾರಾನಗರದ ಹತ್ತಿರ ಇದೆ. ಅದರ ಹೂಳಿನಲ್ಲಿ ಈ ಗುಡ್ಡದ ಪಾಲೂ ಇದೆ.

ನಮ್ಮ ಮಾವನ ಹೊಲ ಅಂಥದ್ದೇ ಒಂದು ಹಳ್ಳದ ಪಕ್ಕ. ಎರೆ ಭೂಮಿ. ಒಂದು ಸಲ ಹಳ್ಳ ಉಕ್ಕಿ ಬಂದು ಆ ಕೆಂಪು ರಾಡಿ ಹೊಲದ ಮೇಲೆ ನಿಂತಿತು. ನೀರು ಇಂಗಿದ ಮೇಲೆ ಬೆರಳು ದಪ್ಪದ ಪದರ ಉಳಿಯಿತು. ಅದು ಬಿಸಿಲಿಗೆ ಗಟ್ಟಿಯಾಗಿ, ಕೆಳಗೆ ಮೊಳೆತ ಜೋಳ ಮೇಲೆ ಬರಲಾಗದೆ ಅಲ್ಲೇ ಮುರುಟಿತು. ಮಾವ ಕೈಯಿಂದ ಒಂದು ಚಕ್ಕೆ ಎತ್ತಿ ತೋರಿಸಿದರು. ಅಡಿಯಲ್ಲಿ ಹಳದಿ ಮೊಳಕೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಮತ್ತೆ ಕುಂಟೆ ಹೊಡೆದು, ಮತ್ತೆ ಬೀಜ ತಂದು ಬಿತ್ತಬೇಕು. ಆ ಖರ್ಚಿಗೆ ಅರ್ಜಿ ಹಾಕೋಕೆ ಯಾವ ಕಚೇರಿಯಲ್ಲೂ ಫಾರಂ ಇಲ್ಲ. ಬೆಳೆ ಒಣಗಿದರೆ ಬರ, ಕೊಚ್ಚಿಹೋದರೆ ನೆರೆ. ಗುಡ್ಡದ ಮಣ್ಣು ಬಂದು ಮುಚ್ಚಿದರೆ ಅದಕ್ಕೆ ಕಾಲಂ ಎಲ್ಲಿದೆ?

ದುಡ್ಡಿಲ್ಲ ಅಂತ ಅಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ತಪ್ಪು ಜಾಸ್ತಿ ಇದ್ದ ಸಿ ದರ್ಜೆಯವನ್ನು ರದ್ದು ಮಾಡಿತು. ಅದಿರು ಮಾರಿದ ಹಣದಲ್ಲಿ ಒಂದು ಪಾಲನ್ನು ಗಣಿ ಪ್ರದೇಶ ಸರಿಪಡಿಸಲು ತೆಗೆದಿಡಬೇಕು ಅಂದಿತು. ಅದಕ್ಕಾಗಿಯೇ ರಾಜ್ಯ ಸರ್ಕಾರ ಒಂದು ನಿಗಮ ಮಾಡಿದೆ. ಕೂಡಿದ ಮೊತ್ತ 20 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ. ಆದರೆ ವರ್ಷಗಟ್ಟಲೆ ಅದು ಖರ್ಚೇ ಆಗದೆ ಕೂತಿತ್ತು. ಈಗ ಯೋಜನೆಗಳಿಗೆ ಒಪ್ಪಿಗೆ ಸಿಗುತ್ತಿದೆ. ರಸ್ತೆ, ಆಸ್ಪತ್ರೆ, ಶಾಲೆ ಎಲ್ಲಾ ಬೇಕು, ಬೇಡ ಅನ್ನೋದಿಲ್ಲ. ಆದರೆ ಮೊದಲ ರೂಪಾಯಿ ಡಂಪಿನ ಬುಡಕ್ಕೆ, ಹಳ್ಳಕ್ಕೆ, ಕೆರೆ ಹೂಳಿಗೆ, ಹೂಳು ಬಿದ್ದ ಹೊಲಕ್ಕೆ ಹೋಗಬೇಕು. ಆ ದುಡ್ಡು ಹುಟ್ಟಿದ್ದೇ ಅಲ್ಲಿಂದ, ಅಲ್ವಾ?

ಇತ್ತ ಸುಪ್ರೀಂ ಕೋರ್ಟು ಹಾಕಿದ ಅಗೆಯುವ ಮಿತಿ ಏರುತ್ತಲೇ ಇದೆ. ಬಳ್ಳಾರಿಗೆ 2013ರಲ್ಲಿ ವರ್ಷಕ್ಕೆ 2.5 ಕೋಟಿ ಟನ್, 2017ರಲ್ಲಿ 2.8 ಕೋಟಿ, 2022ರಲ್ಲಿ 3.5 ಕೋಟಿ. 2024ರಲ್ಲಿ ದೇವದಾರಿ ಗುಡ್ಡದ ಸುಮಾರು 400 ಹೆಕ್ಟೇರ್ ಕಾಡನ್ನು ಗಣಿಗೆ ಕೊಡೋ ವಿಷಯ ಮತ್ತೆ ಎದ್ದಿತು. 99 ಸಾವಿರ ಮರ ಕಡಿಯಬೇಕಾಗುತ್ತೆ ಅಂತ ಗೊತ್ತಾದ ಮೇಲೆ ಸಂಡೂರಿನ ಜನ ವಿರೋಧಿಸಿದರು, ರಾಜ್ಯದ ಅರಣ್ಯ ಸಚಿವರು ತಡೆದರು. ಉಕ್ಕು ಬೇಡ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ತೋರಣಗಲ್ಲಿನ ಕಾರ್ಖಾನೆಯಲ್ಲಿ ನಮ್ಮ ಹುಡುಗರೇ ದುಡಿಯುತ್ತಾರೆ. ಆದರೆ ಹಳೆ ಡಂಪ್ ಕಟ್ಟಿ ನಿಲ್ಲಿಸದೆ ಹೊಸ ಗುಡ್ಡಕ್ಕೆ ಕೈ ಹಾಕೋದನ್ನು ನಾನಂತೂ ಒಪ್ಪೋದಿಲ್ಲ.

ಬಂದು ನೋಡಬಹುದಾ ಅಂತಲೂ ಕೇಳಿದ್ದೀರಿ. ಖಂಡಿತ ಬನ್ನಿ, ಸೆಪ್ಟೆಂಬರಿನಲ್ಲಿ ಬನ್ನಿ, ಆಗ ಸಂಡೂರು ಹಸಿರಾಗಿರುತ್ತೆ. ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿ ಪಾರ್ವತಿ ಗುಡಿ ನೋಡಿ. ಸಂಡೂರಿನಲ್ಲಿ ಲಂಬಾಣಿ ಹೆಂಗಸರ ಕಸೂತಿ ಸಿಗುತ್ತೆ, ಚೌಕಾಸಿ ಮಾಡದೆ ತಗೊಳ್ಳಿ. ಆಮೇಲೆ ಯಾವುದಾದರೂ ಗಣಿಯ ಕೆಳಗಿನ ಹಳ್ಳಿಗೆ ಹೋಗಿ ಹಳ್ಳ ಎಲ್ಲಿದೆ ಅಂತ ಕೇಳಿ, ಹೊಲದವರೇ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಬಿಳಿ ಬಟ್ಟೆ ಮಾತ್ರ ಬೇಡ.