4 ಅಡಿ ಟ್ಯಾಂಕಿಗೆ ನೀಲಿ ಚುಕ್ಕೆ ತೊರಕೆ ಬೇಡ. ಸಾಕಲೇಬೇಕೆಂದರೆ ಹೀಗೆ ಮಾಡಿ

ಉಪ್ಪುನೀರಿನ ಟ್ಯಾಂಕ್ 4 ಅಡಿ ಉದ್ದ, 2 ಅಡಿ ಅಗಲ ಇದೆ, ಅಂಗಡಿಗೆ ಅಂಗೈ ಅಗಲದ ನೀಲಿ ಚುಕ್ಕೆ ತೊರಕೆ (ಸ್ಟಿಂಗ್‌ರೇ ಮೀನು) ಮರಿ ಬಂದಿದೆ, ತರಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ತರಬೇಡಿ. ಬೆಳೆದರೆ ಅದರ ಮೈ ಅಗಲವೇ 35 ಸೆಂ.ಮೀ. ಮುಟ್ಟಬಹುದು, ಬಾಲ ಬೇರೆ. ಅದಕ್ಕಿಂತ ದೊಡ್ಡ ತೊಡಕು ಊಟದ್ದು: ಈ ಜಾತಿ ಟ್ಯಾಂಕಿಗೆ ಬಂದ ಮೇಲೆ ತಿನ್ನುವುದನ್ನೇ ಬಿಟ್ಟು ಸೊರಗಿ ಸಾಯುವುದು ಬಹಳ. ನುರಿತವರ ಕೈಯಲ್ಲೂ ಹೀಗೆ ಆಗುತ್ತದೆ.

ಸಾಕಲೇಬೇಕು ಎಂದಿದ್ದರೆ ಕೆರಿಬಿಯನ್ ಕಡೆಯ ಹಳದಿ ತೊರಕೆ, ಅಂದರೆ ಯೂರೊಬಾಟಿಸ್ ಜಮೈಕೆನ್ಸಿಸ್ ಹುಡುಕಿ. ಗಾತ್ರ ಹೆಚ್ಚುಕಡಿಮೆ ಅಷ್ಟೇ, ಆದರೆ ಹೊಂದಿಕೊಳ್ಳುತ್ತದೆ, ತಿನ್ನುತ್ತದೆ. ಕ್ಯಾಲಿಫೋರ್ನಿಯಾದ ದುಂಡು ತೊರಕೆಗೆ ತಣ್ಣೀರು ಬೇಕು, ನಮ್ಮಲ್ಲಿ ಚಿಲ್ಲರ್ ಹಗಲೂರಾತ್ರಿ ಓಡಬೇಕಾಗುತ್ತದೆ.

ತೊರಕೆಗೆ ಜಾಗ ಅಂದರೆ ನೆಲ. ಎತ್ತರ ಎಷ್ಟಿದ್ದರೂ ಅದಕ್ಕೆ ಉಪಯೋಗವಿಲ್ಲ. ಬೆಳೆದ ಒಂದಕ್ಕೆ 8×4 ಅಡಿ ತಳ, 2 ಅಡಿ ಎತ್ತರ ಇರಲಿ. ಮರಳು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 1500 ಲೀಟರ್ ನೀರು ಹಿಡಿಯುತ್ತದೆ. ನೀರೇ ಒಂದೂವರೆ ಟನ್ ತೂಗುವುದರಿಂದ ನೆಲಮಹಡಿಯಲ್ಲೇ ಇಡಿ. ಮೇಲಿನ ಮಹಡಿಯಾದರೆ ಎಂಜಿನಿಯರ್ ನೋಡಿ ಒಪ್ಪದ ಹೊರತು ಬೇಡ. ಒಳಗೆ ಬಂಡೆ ಜೋಡಿಸಬೇಡಿ. ಹಾಕಲೇಬೇಕೆಂದರೆ ಒಂದೆರಡನ್ನು ಮರಳಿನ ಮೇಲಲ್ಲ, ಗಾಜಿನ ತಳದ ಮೇಲೇ ಕೂರಿಸಿ. ಇಲ್ಲದಿದ್ದರೆ ಮೀನು ಅಡಿಯ ಮರಳು ತೋಡಿದಾಗ ಬಂಡೆ ಅದರ ಮೇಲೆಯೇ ಕುಸಿಯುತ್ತದೆ.

ಮರಳು ಸಕ್ಕರೆಯಷ್ಟು ನಯವಾಗಿರಬೇಕು, 5 ಸೆಂ.ಮೀ. ದಪ್ಪಕ್ಕೆ 200ರಿಂದ 220 ಕೆ.ಜಿ. ಬೇಕಾಗುತ್ತದೆ. ಹವಳದ ಚೂರು ಹಾಕಿದರೆ ಹೊಟ್ಟೆ ಗೀರಿ, ಆ ಗಾಯಕ್ಕೆ ಸೋಂಕು ಹತ್ತುತ್ತದೆ. ನೆಮ್ಮದಿಯಾಗಿರುವ ತೊರಕೆ ರೆಕ್ಕೆಯ ಅಂಚಿನಿಂದ ಮರಳನ್ನು ಬೆನ್ನ ಮೇಲೆ ಎರಚಿಕೊಂಡು ಹೂತುಕೊಳ್ಳುತ್ತದೆ. ಕಣ್ಣು, ಅದರ ಹಿಂದೆ ತೆರೆದು ಮುಚ್ಚುವ ಉಸಿರಿನ ರಂಧ್ರ, ಇಷ್ಟೇ ಹೊರಗೆ ಕಾಣುತ್ತದೆ.

ಹೀಟರನ್ನು ಟ್ಯಾಂಕಿನೊಳಗೆ ಬಿಡಬೇಡಿ. ಮೀನು ಅದಕ್ಕೆ ಒರಗಿ ಮಲಗಿ ಚರ್ಮ ಸುಟ್ಟುಕೊಳ್ಳುತ್ತದೆ, ಸಂಪ್‌ನಲ್ಲೇ (ಟ್ಯಾಂಕಿಗೆ ಜೋಡಿಸಿದ, ನೀರು ಸೋಸುವ ಬೇರೆ ತೊಟ್ಟಿ) ಇರಲಿ. ಗಲೀಜನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರನ್ನು ನಿಮ್ಮ ನೀರಿನ ಎರಡು ಪಟ್ಟಿಗೆ ಹೇಳಿದ್ದನ್ನೇ ಕೊಳ್ಳಿ, ಏಕೆಂದರೆ ತೊರಕೆಯ ಗಲೀಜು ಬಹಳ. ಉಷ್ಣ 24ರಿಂದ 26 ಡಿಗ್ರಿ, ಉಪ್ಪು ಸಾಪೇಕ್ಷ ಸಾಂದ್ರತೆಯಲ್ಲಿ 1.024–1.025, ಅಮೋನಿಯಾ, ನೈಟ್ರೈಟ್ ಸೊನ್ನೆ. ನೈಟ್ರೇಟ್ 20 ಪಿಪಿಎಂ ಒಳಗಿರಲಿ. ಬಹಳ ದಿನ ಏರಿಯೇ ಇದ್ದರೆ ಗಂಟಲಲ್ಲಿ ಗಳಗಂಡ ಊದಿಕೊಳ್ಳುತ್ತದೆ. ವಾರಕ್ಕೆ 15% ನೀರು ಬದಲಿಸಿದರೆ ಸುಮಾರು 225 ಲೀಟರ್ ಆರ್‌ಒ ನೀರಿಗೆ 8 ಕೆ.ಜಿ. ಉಪ್ಪು ಬೇಕು. ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಪಂಪಿಗೆ ಇನ್ವರ್ಟರ್ ಕಡ್ಡಾಯ.

ಮೀನಿನ ಪರಾವಲಂಬಿಗಳನ್ನು ಕೊಲ್ಲಲು ಹಾಕುವ ತಾಮ್ರದ ಔಷಧಿ ತೊರಕೆಗೆ ವಿಷ. ಹಿಂದೆ ತಾಮ್ರ ಹಾಕಿದ ಹಳೇ ಟ್ಯಾಂಕು, ಬಂಡೆ, ಮರಳು ಯಾವುದನ್ನೂ ಇದಕ್ಕೆ ಬಳಸಬೇಡಿ. ಅವನ್ನು ಬಿಡಿಸಲು ಮೀನನ್ನು ಸಿಹಿನೀರಿನಲ್ಲಿ ಅದ್ದುವ ಉಪಾಯವೂ ಬೇಡ. ಟ್ರಿಗರ್, ಪಫರ್, ದೊಡ್ಡ ಏಂಜೆಲ್ ಮೀನುಗಳ ಜೊತೆ ಬಿಟ್ಟರೆ ಅವು ಕಣ್ಣು, ರೆಕ್ಕೆ ಕಚ್ಚುತ್ತವೆ. ಸಿಗಡಿ, ಏಡಿ ಬಿಟ್ಟರೆ ಇದೇ ತಿಂದುಬಿಡುತ್ತದೆ.

ಮರಿಗೆ ದಿನಕ್ಕೆ ಎರಡು ಸಲ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿಯ (ಚಿಪ್ಪುಜೀವಿ) ಮಾಂಸ ಸಣ್ಣಗೆ ಹೆಚ್ಚಿ ಇಕ್ಕಳದಲ್ಲಿ ಹಿಡಿದು ಮೂತಿಯ ಕೆಳಗೆ ಮರಳಿಗೆ ತಾಗಿಸಿ. ಅದರ ಬಾಯಿ ಅಡಿಯಲ್ಲಿದೆ, ಮೇಲೆ ತೇಲಿಸಿದರೆ ಸಿಗದು. ಬರೀ ಫ್ರೀಜರ್ ಸಿಗಡಿ ಹಾಕುತ್ತಾ ಹೋದರೆ ಬಿ1 ಜೀವಸತ್ವ ಕಡಿಮೆಯಾಗುತ್ತದೆ. ಶಾರ್ಕ್, ತೊರಕೆಗೆಂದೇ ಬರುವ ಜೀವಸತ್ವದ ಮಾತ್ರೆಯನ್ನು ತುಂಡಿನೊಳಗೆ ತುರುಕಿ ಕೊಡಿ. ತಿನ್ನದಿದ್ದರೆ ಜೀವಂತ ಸಿಗಡಿ ಬಿಟ್ಟು ನೋಡಿ.

ಬಾಲದ ಮುಳ್ಳಲ್ಲಿ ವಿಷವಿದೆ. ಬಲೆ ಹಾಕಿದರೆ ಮುಳ್ಳು ಸಿಕ್ಕಿ ಮುರಿಯುತ್ತದೆ, ಬಕೆಟ್ಟಿಗೆ ನೀರಿನೊಳಗೇ ನುಗ್ಗಿಸಿ ಎತ್ತಿ. ಕೈಗೋ ಕಾಲಿಗೋ ಚುಚ್ಚಿದರೆ ಚರ್ಮ ತಡೆಯುವಷ್ಟು ಬಿಸಿ, 45 ಡಿಗ್ರಿ ಮೀರದ ನೀರಲ್ಲಿ 30ರಿಂದ 90 ನಿಮಿಷ ಮುಳುಗಿಸಿಡಿ. ಬಿಸಿಯನ್ನು ಇನ್ನೊಂದು ಕೈಯಿಂದ ನೋಡಿಕೊಳ್ಳಿ, ನೋವಿರುವ ಕೈಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ನೋವು ಇಳಿದರೂ ಆಸ್ಪತ್ರೆಗೆ ಹೋಗಿ, ಮುಳ್ಳಿನ ಚೂರು ಒಳಗೇ ಉಳಿದಿರಬಹುದು. ಎದೆಗೋ ಹೊಟ್ಟೆಗೋ ನಾಟಿದ್ದರೆ ಕೀಳಲೇಬೇಡಿ, ನೇರ ಆಸ್ಪತ್ರೆಗೆ.

ಕೊಳ್ಳುವ ದಿನ ಅಂಗಡಿಯವರು ನಿಮ್ಮೆದುರೇ ತಿನ್ನಿಸಲಿ. ಗಾಜಿಗೆ ಹತ್ತಿದಾಗ ಹೊಟ್ಟೆ ನೋಡಿ: ಬಾಲದ ಬುಡದ ಎರಡೂ ಬದಿ ಸೊಂಟದ ಮೆದು ಎಲುಬು ಎದ್ದು ಕಂಡರೆ ಎಷ್ಟೋ ದಿನದಿಂದ ಉಪವಾಸ ಬಿದ್ದಿದೆ ಎಂದರ್ಥ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ.