ಕಾಲು ಉಳುಕಿ ವಾಸಿಯಾದ ಮೇಲೆ ಪಾದದ ಗಂಟಿಗೆ ಸ್ಪೋರ್ಟ್ಸ್ ಟೇಪ್ ಸುತ್ತಿಕೊಂಡು ದುರ್ಗದ ಕೋಟೆ ಹತ್ತಿದರೆ ಬ್ಯಾಲೆನ್ಸ್ ಚೆನ್ನಾಗಿರುತ್ತದೆಯೇ?

ಬ್ಯಾಲೆನ್ಸ್ ಅಷ್ಟೇನೂ ಹೆಚ್ಚುವುದಿಲ್ಲ. ಆದರೆ ಪಾದ ಒಳಕ್ಕೆ ಮಡಚಿ ಮತ್ತೆ ಉಳುಕುವ ಸಾಧ್ಯತೆ ಕಡಿಮೆಯಾಗುತ್ತದೆ, ಅದರಲ್ಲೂ ಹಿಂದೆ ಉಳುಕಿದ ಕಾಲಿಗೆ.

ಕಣ್ಣು ಮುಚ್ಚಿದರೂ ಪಾದ ಯಾವ ಕೋನದಲ್ಲಿದೆ ಎಂದು ನಮಗೆ ಗೊತ್ತಾಗುತ್ತದೆ. ಸ್ನಾಯು, ಚರ್ಮ ಮತ್ತು ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳಲ್ಲಿರುವ ನರತುದಿಗಳು ಮಿದುಳಿಗೆ ಆ ಸುದ್ದಿ ಮುಟ್ಟಿಸುತ್ತವೆ. ಉಳುಕಿದಾಗ ಹೊರಬದಿಯ ಅಸ್ಥಿರಜ್ಜು ಹಿಗ್ಗಿ ಅಥವಾ ಹರಿದು ಈ ಸುದ್ದಿ ಮಂಕಾಗುತ್ತದೆ. ಟೇಪ್ ಚರ್ಮವನ್ನು ಎಳೆದು ಆ ಕೊರತೆ ತುಂಬುತ್ತದೆ ಎಂಬ ವಾದವಿದೆ. ಪರೀಕ್ಷೆಗಳ ಫಲಿತಾಂಶ ಮಾತ್ರ ಒಂದೇ ಥರ ಇಲ್ಲ. ಖಚಿತವಾಗಿ ಸಿಗುವುದು ಹಿಡಿತ, ಜೊತೆಗೆ ಒಂದಿಷ್ಟು ಧೈರ್ಯ.

ಹಿಗ್ಗದ, 3.8 ಸೆಂ.ಮೀ. ಅಗಲದ ಟೇಪ್ ಬಳಸಿ. ಪಾದವನ್ನು 90 ಡಿಗ್ರಿಯಲ್ಲಿಡಿ. ಕೆಳಕ್ಕೆ ಜೋತುಬಿಟ್ಟು ಸುತ್ತಿದರೆ ನಿಂತಾಗ ಪಟ್ಟಿ ಸಡಿಲಾಗುತ್ತದೆ. ಕಾಲಿನ ಒಳಬದಿಯಿಂದ ಶುರುಮಾಡಿ, ಹಿಮ್ಮಡಿಯ ಕೆಳಗೆ ಹಾಯಿಸಿ, ಹೊರಬದಿಗೆ ಮೇಲಕ್ಕೆ ಎಳೆದು ಅಂಟಿಸಿ. ಈ ದಿಕ್ಕು ತಪ್ಪಿದರೆ ಟೇಪ್ ಪಾದವನ್ನು ಒಳಕ್ಕೇ ಎಳೆಯುತ್ತದೆ. ಹೆಬ್ಬೆರಳಿನ ಉಗುರು ಒತ್ತಿ ಬಿಡಿ: ಸುಮಾರು 2 ಸೆಕೆಂಡಿನಲ್ಲಿ ಬಣ್ಣ ಮರಳದಿದ್ದರೆ ಅಥವಾ ಬೆರಳು ಜುಮ್ಮೆಂದರೆ, ತಕ್ಷಣ ಬಿಚ್ಚಿ. ಬೆವರಿಗೂ ಓಡಾಟಕ್ಕೂ ಅರ್ಧ ಗಂಟೆಯೊಳಗೇ ಬಿಗಿ ಇಳಿಯತೊಡಗುತ್ತದೆ, ಹಾಗಾಗಿ ಕೋಟೆ ಇಳಿಯುವ ಹೊತ್ತಿಗೆ ಅದನ್ನೇ ಪೂರ್ತಿ ನಂಬಬೇಡಿ.

ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜ್ ಬಾವು ತಡೆಯಲಿಕ್ಕೆ ಸರಿ, ಪಾದ ಮಡಚುವುದನ್ನು ಅದು ತಡೆಯದು. ಬ್ಯಾಲೆನ್ಸೇ ಬೇಕಿದ್ದರೆ, ನೋವಿಲ್ಲದಿದ್ದಾಗ ಗೋಡೆ ಪಕ್ಕ ಒಂಟಿಕಾಲಲ್ಲಿ 30 ಸೆಕೆಂಡು ನಿಲ್ಲಿ, ದಿನಕ್ಕೆ ಐದಾರು ಬಾರಿ, ಕನಿಷ್ಠ 6 ವಾರ. ಸಲೀಸಾದ ಮೇಲೆ ಕಣ್ಣು ಮುಚ್ಚಿ.